ಹಳೇ ಆಂಪ್ಲಿಫೈಯರ್‌ಗೆ ಒಂದು ಪುಟ್ಟ ರಾಸ್ಪ್‌ಬೆರಿ ಪೈ

ಮನೆಯಲ್ಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಿಂದುಗಡೆ ಹೊರಗಿನ ಹಾಡನ್ನು ಒಳಗೆ ಕೊಡುವ ಕೆಂಪು-ಬಿಳಿ ಆಕ್ಸ್ ಸಾಕೆಟ್ ಇದ್ದರೆ ಸಾಕು. ಅಪ್ಪನ ಕಾಲದ ಆಂಪ್ಲಿಫೈಯರನ್ನೇ ನಾನು ಈಗ ಮೊಬೈಲಿನಿಂದ ನಡೆಸುತ್ತೇನೆ. ನಡುವೆ ಇರೋದು ರಾಸ್ಪ್‌ಬೆರಿ ಪೈ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್.

ನಾನು ಬಳಸುವ ಬೋರ್ಡು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ. 65 ಮಿ.ಮೀ. ಉದ್ದ, 30 ಮಿ.ಮೀ. ಅಗಲ, ವೈಫೈ ಅದರಲ್ಲೇ ಇದೆ. ಹೆಡ್‌ಫೋನ್ ಜಾಕ್ ಮಾತ್ರ ಇಲ್ಲ. ಪೈ 3, ಪೈ 4ರಲ್ಲಿ ಜಾಕ್ ಇದೆ, ಆದರೆ ತಂಬೂರಿ ಮೀಟು ನಿಧಾನವಾಗಿ ಕರಗುವ ಹೊತ್ತಿಗೆ ಹಿಂದಿನಿಂದ ಸುಯ್ ಅನ್ನುವ ಸದ್ದು ಮೇಲೆ ಬರುತ್ತದೆ. ಸಂಗೀತ ಕೇಳೋಕೆ ಅದು ಸಾಲದು. ಬೇರೆಯದೇ ಡ್ಯಾಕ್ ಹಾಕಿ, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಬೋರ್ಡು. ಅದರಿಂದ ಆಕ್ಸ್‌ಗೆ ಒಂದು ಆಡಿಯೋ ಕೇಬಲ್ ಹೋಗುತ್ತದೆ. ಪಿಸಿಎಂ5102ಎ ಚಿಪ್ಪಿನ ನೇರಳೆ ಬಣ್ಣದ ಬೋರ್ಡು ಕಡಿಮೆ ಬೆಲೆಗೆ ಸಿಗುತ್ತದೆ. ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ.

ವೈರಿಂಗ್‌ಗೆ ಅವಸರ ಬೇಡ. ಪೈ ಪಿನ್ನುಗಳ ಎಣಿಕೆ ಎಸ್‌ಡಿ ಕಾರ್ಡಿನ ಕಡೆಯಿಂದ ಶುರು, ಅಂಚಿನ ಸಾಲೆಲ್ಲ ಸಮ ಸಂಖ್ಯೆ. 2ನೇ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ, ಅದು ಡ್ಯಾಕ್ ಬೋರ್ಡಿನಲ್ಲಿ ವಿಐಎನ್ (VIN) ಎಂದು ಬರೆದ ಕಡೆಗೆ. ಹಾಗೇ 6 ಜಿಎನ್‌ಡಿಗೆ (GND, ಗ್ರೌಂಡ್), 12 ಬಿಸಿಕೆಗೆ (BCK), 35 ಎಲ್‌ಸಿಕೆಗೆ (LCK), 40 ಡಿಐಎನ್‌ಗೆ (DIN). ಉಳಿಯುವ ಎಸ್‌ಸಿಕೆಯನ್ನು (SCK) ಸುಮ್ನೆ ಬಿಡಬೇಡಿ, ಗ್ರೌಂಡ್‌ಗೆ ಸೇರಿಸಿ. ಆಗ ಚಿಪ್ಪು ತನಗೆ ಬೇಕಾದ ಕ್ಲಾಕನ್ನು ಒಳಗೇ ಮಾಡಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಹಾಡೇ ಬರದಿರಬಹುದು, ಇಲ್ಲಾ ಕರಕರ ಬರಬಹುದು. ವೈರು ಒಂದು ಗೇಣು ಮೀರದಿರಲಿ. ಬೆಸುಗೆ ಹಾಕಲು ಬರದಿದ್ದರೆ ಪಿನ್ ಕೂರಿಸಿದ ಪೈ ಕೊಳ್ಳಿ, ಡ್ಯಾಕ್ ಕಡೆಯ ಬೆಸುಗೆಯನ್ನು ರೇಡಿಯೋ ರಿಪೇರಿಯವರ ಹತ್ತಿರ ಹಾಕಿಸಿ.

ಸಾಫ್ಟ್‌ವೇರ್ ಸುಲಭ. ವಾಲ್ಯೂಮಿಯೋ ಅನ್ನೋ ಹಾಡು ನುಡಿಸುವ ಸಾಫ್ಟ್‌ವೇರಿನ ಇಮೇಜ್ ಫೈಲನ್ನು ಎಸ್‌ಡಿ ಕಾರ್ಡಿಗೆ ಬರೆದು ಪೈ ಆನ್ ಮಾಡಿ. ಅದೇ ಹೆಸರಿನ ಹಾಟ್‌ಸ್ಪಾಟ್ ಮೊಬೈಲಿನಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಇಂಗ್ಲಿಷ್ ಸಣ್ಣಕ್ಷರದಲ್ಲಿ ವಾಲ್ಯೂಮಿಯೋ, ಅದಕ್ಕಂಟಿದಂತೆ 2. ಮನೆಯ ವೈಫೈ ಸೇರಿಸಿ. ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿ ಐಟೂಎಸ್ (I2S, ಪೈಯಿಂದ ಡ್ಯಾಕಿಗೆ ಹಾಡು ಸಾಗುವ ದಾರಿ) ಆನ್ ಮಾಡಿ, ಪಟ್ಟಿಯಲ್ಲಿ ಹೈಫೈಬೆರಿ ಡ್ಯಾಕ್ ಅನ್ನೋ ಹೆಸರನ್ನು ಆಯ್ದುಕೊಳ್ಳಿ, ರೀಸ್ಟಾರ್ಟ್ ಮಾಡಿ. ಬೋರ್ಡು ಬೇರೆ ಕಂಪನಿಯದಾದರೂ ಇದೇ ಹೊಂದುತ್ತದೆ.

ಈ ಚಿಪ್ಪಿನಲ್ಲಿ ವಾಲ್ಯೂಮ್ ಕಂಟ್ರೋಲ್ ಇಲ್ಲ. ಸಾಫ್ಟ್‌ವೇರಿನಲ್ಲಿ ತೀರಾ ಇಳಿಸಿದರೆ ಮೆಲುದನಿಯ ಸೂಕ್ಷ್ಮಗಳು ಕಳೆದುಹೋಗುತ್ತವೆ. ಅದಕ್ಕೇ ನಾನು ಅಲ್ಲಿ ಮಿಕ್ಸರ್ (ಸಾಫ್ಟ್‌ವೇರಿನ ವಾಲ್ಯೂಮ್) ತೆಗೆದುಹಾಕಿ, ಆಂಪ್ಲಿಫೈಯರಿನ ತಿರುಗುಣಿಯನ್ನೇ ನಂಬುತ್ತೇನೆ. ಮೊದಲ ಸಲ ಹಚ್ಚುವಾಗ ಅದು ಸೊನ್ನೆಯಲ್ಲಿರಲಿ. ಡ್ಯಾಕಿನಿಂದ 2.1 ವೋಲ್ಟ್‌ವರೆಗೂ ಬರುತ್ತದೆ, ಹಳೇ ಆಕ್ಸ್‌ಗೆ ಅದು ಜೋರೇ.

ಗುಂಯ್ ಅನ್ನುವ ಹಮ್ ಬಂತಾ? ಡ್ಯಾಕನ್ನು ದೂರಬೇಡಿ. ಪೈ ಅಡಾಪ್ಟರು, ಆಂಪ್ಲಿಫೈಯರು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಆಡಿಯೋ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ಮಲಗುವ ಮುಂಚೆ ಸ್ವಿಚ್ ಆರಿಸೋದಲ್ಲ, ಮೊಬೈಲಿನಲ್ಲಿ ಶಟ್‌ಡೌನ್ ಒತ್ತಿ. ಕರೆಂಟು ಪದೇ ಪದೇ ಹೋಗುವ ಊರಾದರೆ ವೈಫೈ ರೌಟರ್‌ಗೆ ಕೊಟ್ಟ ಯುಪಿಎಸ್ ಲೈನನ್ನೇ ಪೈಗೂ ಕೊಡಿ, ಇಲ್ಲದಿದ್ದರೆ ಕಾರ್ಡ್ ಕೆಡಬಹುದು.