ಗಾನಾದ ಅಳಗುಳಿಮಣೆ: ಓವಾರೆ ಗೇಮ್ ನೀವೇ ಬರೆಯಿರಿ

ಗುಳಿಗಳಲ್ಲಿ ಕಾಯಿ ಹಂಚುವ ಆಟಗಳಿಗೆಲ್ಲ ಒಟ್ಟಾಗಿ ‘ಮಂಕಾಲ’ ಅನ್ನುತ್ತಾರೆ. ಫೋನಿನಲ್ಲಿ ಹಾಗಂತ ಹುಡುಕಿದರೆ ಸಿಗುವ ಹೆಚ್ಚಿನ ಗೇಮ್‌ಗಳು ಕಲಾ ಎಂಬ ಆಟ. ಅದನ್ನು 1940ರಲ್ಲಿ ರೂಪಿಸಿದ್ದು ಅಮೆರಿಕದ ವಿಲಿಯಂ ಚಾಂಪಿಯನ್. ಗಾನಾದ ಅಕಾನ್ ಜನ ಆಡುವ ಓವಾರೆ ಬೇರೆಯೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಗೊತ್ತಿದ್ದರೆ ಇದನ್ನು ಮನೆಯಲ್ಲೇ ಬರೆಯಬಹುದು.

ಮೊದಲು ಮಣೆ. ನಮ್ಮ ಅಳಗುಳಿಮಣೆಗೆ ಸಾಮಾನ್ಯವಾಗಿ 14 ಗುಳಿ, ಓವಾರೆಗೆ 12. ಗುಳಿಗೆ ನಾಲ್ಕರಂತೆ ಒಟ್ಟು 48 ಕಾಯಿ. ಪ್ರೋಗ್ರಾಂನಲ್ಲಿ ಮಣೆ ಅಂದರೆ 12 ಅಂಕಿಗಳ ಒಂದು ಪಟ್ಟಿ, ಅಷ್ಟೇ. 0ರಿಂದ 5 ನಿಮ್ಮ ಸಾಲು, 6ರಿಂದ 11 ಎದುರಾಳಿಯದು. ಇಬ್ಬರು ಗೆದ್ದ ಕಾಯಿಗಳನ್ನು ಬೇರೆ ಇಟ್ಟುಕೊಳ್ಳಿ. 25 ಮುಟ್ಟಿದವರು ಗೆದ್ದಂತೆ.

ಈಗ ಕಾಯಿ ಹಂಚುವುದು. ನಿಮ್ಮದೊಂದು ಗುಳಿ ಬರಿದು ಮಾಡಿ, ಗಡಿಯಾರಕ್ಕೆ ಎದುರಾಗಿ ಒಂದೊಂದೇ ಹಾಕುತ್ತಾ ಹೋಗಿ. 11ರ ನಂತರ ಮತ್ತೆ 0 ಬರಬೇಕಲ್ವಾ? ಗುಳಿಯ ಸಂಖ್ಯೆಯನ್ನು 12ರಿಂದ ಭಾಗಿಸಿ, ಉಳಿದ ಶೇಷ ಹಿಡಿಯಿರಿ. ಕೈಯಲ್ಲಿ 12 ಅಥವಾ ಜಾಸ್ತಿ ಕಾಯಿ ಇದ್ದರೆ, ಸುತ್ತು ಬಂದಾಗ ಎತ್ತಿದ ಗುಳಿಯನ್ನು ಬಿಟ್ಟು ಮುಂದೆ ಹೋಗಬೇಕು. ಕೈ ಖಾಲಿಯಾದರೆ ಸರದಿ ಮುಗಿಯಿತು. ನಮ್ಮಲ್ಲಿಯ ಹಾಗೆ ಮುಂದಿನ ಗುಳಿ ಎತ್ತಿ ಆಡುವಂತಿಲ್ಲ.

ಗೆಲ್ಲುವುದು ಹೀಗೆ. ಕೊನೆಯ ಕಾಯಿ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಿಮ್ಮವು. ಅದರ ಹಿಂದಿನದೂ ಎದುರಾಳಿಯ ಗುಳಿಯಾಗಿದ್ದು, ಅಲ್ಲೂ ಎರಡೋ ಮೂರೋ ಇದ್ದರೆ ಅದೂ ನಿಮ್ಮದೇ, ಹೀಗೆ ಹಿಂದಕ್ಕೆ ಹೋಗಿ. ಗುಳಿ 5ರಲ್ಲಿ 3 ಕಾಯಿ ಇದೆ ಅನ್ನಿ. 6, 7, 8ರಲ್ಲಿ ಕ್ರಮವಾಗಿ 4, 2, 1. ಹಂಚಿದ ಮೇಲೆ ಅವು 5, 3, 2 ಆಗುತ್ತವೆ. ಎಂಟರ ಎರಡು, ಏಳರ ಮೂರು, ಒಟ್ಟು ಐದು ಗೆದ್ದಿರಿ. ಆರರಲ್ಲಿ ಐದಿರುವುದರಿಂದ ಅಲ್ಲಿಗೆ ನಿಲ್ಲಬೇಕು. ಎದುರಾಳಿಯ ಅಷ್ಟೂ ಕಾಯಿ ಒಂದೇ ಏಟಿಗೆ ಹೋಗುವಂತಿದ್ದರೆ ಏನೂ ಸಿಗುವುದಿಲ್ಲ. ಇದರಲ್ಲಿ ಊರಿಗೊಂದು ಪದ್ಧತಿ ಇದೆ, ನಾನು ಹೇಳಿದ್ದು ಹೆಚ್ಚು ಬಳಕೆಯದು.

ನಾನು ಎಡವಿದ್ದು ಮುಂದಿನ ನಿಯಮದಲ್ಲಿ. ಎದುರಾಳಿಯ ಸಾಲು ಖಾಲಿಯಾಗಿದ್ದರೆ, ಅವರಿಗೆ ಕಾಯಿ ಸಿಗುವ ಹಾಗೆಯೇ ನೀವು ಆಡಬೇಕು. ಉಪವಾಸ ಕೆಡವುವಂತಿಲ್ಲ! ಅಂಥ ನಡೆಯೇ ಇಲ್ಲದಿದ್ದರೆ ಉಳಿದದ್ದು ನಿಮಗೆ, ಆಟ ಮುಗಿಯಿತು. ಇದನ್ನು ಬರೆಯದೆ ಬಿಟ್ಟಿದ್ದೆ. ಕಂಪ್ಯೂಟರ್ ಇಲ್ಲದ ಕಾಯಿ ಹುಡುಕುತ್ತಾ ಸುಮ್ನೆ ನಿಂತುಬಿಟ್ಟಿತ್ತು.

ಪ್ರತಿ ನಡೆಯ ನಂತರ ಮಣೆಯದೂ ಗೆದ್ದದ್ದೂ ಕೂಡಿಸಿ ನೋಡಿ. 48 ಬರದಿದ್ದರೆ ಎಲ್ಲೋ ತಪ್ಪಿದೆ. ಎತ್ತಿದ ಗುಳಿ ಬಿಡಲು ಮರೆತರೆ ಮಾತ್ರ ಲೆಕ್ಕ ಸರಿಯಾಗೇ ಇರುತ್ತದೆ. ಅದನ್ನು 12 ಕಾಯಿಯ ಗುಳಿಯಿಂದ ಆಡಿ ಬೇರೆಯಾಗಿ ಪರೀಕ್ಷಿಸಿ.

ಎದುರಾಳಿಯಾಗಿ ಕಂಪ್ಯೂಟರ್ ಬೇಕೆ? ಆರೂ ಗುಳಿ ಆಡಿಸಿ ನೋಡಿ, ಹೆಚ್ಚು ಗೆಲ್ಲುವುದನ್ನು ಆರಿಸಲಿ. ಆಮೇಲೆ ನಿಮ್ಮ ಮರುನಡೆಯಿಂದ ಅದಕ್ಕೆ ಆಗುವ ನಷ್ಟವನ್ನು ಕಳೆಯುವುದು ಕಲಿಸಿ. ಎರಡು ನಡೆ ಮುಂದೆ ನೋಡಿದರೇ ಸಾಕು, ಹೊಸಬರು ಸೋಲುತ್ತಾರೆ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಂಪ್ಯೂಟರ್ ಸಂಶೋಧಕರಾದ ಜಾನ್ ರೊಮೈನ್, ಹೆನ್ರಿ ಬಾಲ್ ಈ ಆಟದ 88,900 ಕೋಟಿಗೂ ಹೆಚ್ಚು ಸ್ಥಿತಿಗಳನ್ನು 144 ಪ್ರೊಸೆಸರ್‌ಗಳಲ್ಲಿ ಜಾಲಾಡಿದರು. ಇಬ್ಬರೂ ತಪ್ಪದೆ ಆಡಿದರೆ ಡ್ರಾ!

ಕೊನೆಗೆ ಪರದೆ. ಗಾನಾದಲ್ಲಿ ಆಡುವುದು ಬೂದುಬಣ್ಣದ ಗಜ್ಜುಗದ ಬೀಜದಲ್ಲಿ. ನಮ್ಮ ಬೇಲಿಸಾಲಿನಲ್ಲೂ ಸಿಗುವ ಅದೇ ಗಜ್ಜುಗ. ಆ ಬಣ್ಣವನ್ನೇ ಬಳಸಿ. ಎಲ್ಲ ಕಾಯಿಯನ್ನೂ ಒಟ್ಟಿಗೆ ಬೀಳಿಸಬೇಡಿ. ಕಾಯಿಗೆ ಅರ್ಧ ಸೆಕೆಂಡ್ ಬಿಡುವು ಕೊಡಿ, ಎಲ್ಲಿ ಬಿತ್ತು ಅಂತ ಕಣ್ಣಿಗೆ ಕಾಣಬೇಕು.