ಗೋಡೆಯ ಮೇಲೊಂದು ಮೊರ: ಬೀಳುವ ಡಾರ್ಟ್ ಹಿಡಿದ ನನ್ನ ಅನುಭವ

ಗೋಡೆಯ ದುಂಡು ಬೋರ್ಡಿಗೆ ಡಾರ್ಟ್, ಅಂದರೆ ಉಕ್ಕಿನ ಮೊನೆಯ ಪುಟ್ಟ ಬಾಣ, ಎಸೆಯುವವರಿಗೆಲ್ಲ ಆ ಎರಡು ಸದ್ದು ಗೊತ್ತು. ಬೋರ್ಡಿನ ಅಂಕಗಳನ್ನು ಬೇರ್ಪಡಿಸುವ ತಂತಿಗೆ ಬಡಿದಾಗ ಟಣ್, ಅದರ ಹಿಂದೆಯೇ ನೆಲದ ಟೈಲ್ಸ್ ಮೇಲೆ ಚಟ್. ಎರಡನೆಯ ಸದ್ದು ನನಗೆ ಎಷ್ಟು ದುಬಾರಿಯಾಯಿತೆಂದರೆ, ಹಿಂದಿನ ಬಾಡಿಗೆ ಮನೆ ಬಿಡುವಾಗ ಮೂರು ಟೈಲ್ಸ್ ಮೂಲೆ ಹಾರಿದ್ದಕ್ಕೆ ಮುಂಗಡದಲ್ಲಿ ಹೆಚ್ಚುಕಡಿಮೆ ಮೂರು ಸಾವಿರ ರೂಪಾಯಿ ಕಳೆದುಕೊಂಡೆ. ಅದೇ ಬಣ್ಣದ ಟೈಲ್ಸ್ ಮೈಸೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮೊನೆ ಬಾಗಿದ ಡಾರ್ಟ್‌ಗಳ ಲೆಕ್ಕ ಬೇರೆ.

ಈಗಿನ ಮನೆಯಲ್ಲಿ ಬೋರ್ಡ್ ಹಾಕುವ ಮೊದಲೇ ತೀರ್ಮಾನಿಸಿದ್ದೆ: ಒಂದು ಡಾರ್ಟ್ ಕೂಡ ನೆಲ ಮುಟ್ಟಬಾರದು. ಅದರ ಹತ್ತಿರಕ್ಕೆ ಬರಲು ಎರಡು ವರ್ಷ ಹಿಡಿಯಿತು.

ಮೊದಲ ಪ್ರಯತ್ನ ಬಲೆ. ಮಂಗಳೂರಿನಿಂದ ಬರುವ ಸ್ನೇಹಿತರೊಬ್ಬರಿಗೆ ಹೇಳಿ ಮೀನಿನ ಬಲೆಯ ತುಂಡೊಂದನ್ನು ತರಿಸಿ, ಬೋರ್ಡಿನ ಕೆಳಗೆ ತೊಟ್ಟಿಲಿನಂತೆ ಕಟ್ಟಿದೆ. ಡಾರ್ಟ್ ಬೀಳುತ್ತಿತ್ತು, ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಫ್ಲೈಟ್, ಅಂದರೆ ಡಾರ್ಟಿನ ಬಾಲದ ತೆಳು ರೆಕ್ಕೆ, ಹರಿಯುತ್ತಿತ್ತು. ಒಂದೇ ವಾರದಲ್ಲಿ ಎರಡು ಸೆಟ್ ಫ್ಲೈಟ್ ಹಾಳು. ಎರಡನೆಯದು ಪ್ಲೈವುಡ್ ತಟ್ಟೆ, ಹನ್ನೆರಡು ಮಿಲಿಮೀಟರಿನದು, ಬಡಗಿಗೆ ಕೊಟ್ಟ ಕೂಲಿಯೂ ಸೇರಿ ಸಾವಿರದ ಎಂಟುನೂರರ ಹತ್ತಿರ. ತಂತಿಯಿಂದ ಪುಟಿದ ಡಾರ್ಟ್ ಪ್ಲೈವುಡ್ ಮೇಲೆ ಇನ್ನೊಮ್ಮೆ ಪುಟಿದು ಮೊದಲಿಗಿಂತ ದೂರ ಹಾರಿತು! ಅದರ ಮೇಲೆ ಮಕ್ಕಳ ಕೋಣೆಗೆ ಹಾಸುವ ಫೋಮ್ ಅಂಟಿಸಿದೆ. ಆಗ ಪುಟಿಯುವುದು ನಿಂತಿತು, ಆದರೆ ಮೊನೆ ಫೋಮಿನಲ್ಲಿ ನೆಟ್ಟು ಅಲ್ಲೇ ನಿಂತಿತು. ನಿಂತ ಡಾರ್ಟಿನ ಮೇಲೆ ಮುಂದಿನದು ಬಿದ್ದರೆ ಬ್ಯಾರಲ್‌ಗೆ (ಕೈಯಲ್ಲಿ ಹಿಡಿಯುವ ಲೋಹದ ಭಾಗ) ಬ್ಯಾರಲ್ ಬಡಿದು ಅದೂ ನೆಲಕ್ಕೆ. ತೆಂಗಿನ ನಾರಿನ ಕಾಲೊರಸು ಹಾಸಿ ನೋಡಿದೆ. ಅದೂ ಹಾಗೆಯೇ, ಜೊತೆಗೆ ಮನೆ ತುಂಬ ನಾರು.

ಇಷ್ಟಾದ ಮೇಲೆ ತೊಡಕು ಎಲ್ಲಿದೆ ಎನ್ನುವುದು ಸ್ಪಷ್ಟವಾಯಿತು. ತಟ್ಟೆ ಹೊಡೆತ ನುಂಗುವಷ್ಟು ಮೆತ್ತಗಿರಬೇಕು, ಬಿದ್ದದ್ದು ಜಾರಿ ಪಕ್ಕಕ್ಕೆ ಹೋಗುವಷ್ಟು ನುಣ್ಣಗಿರಬೇಕು. ಇವೆರಡೂ ಒಂದೇ ವಸ್ತುವಿನಲ್ಲಿ ಸಿಗಲಿಲ್ಲ.

ನಡುವೆ ಇನ್ನೊಂದು ಕೆಲಸ ಮಾಡಿದ್ದೆ, ಅದನ್ನು ಹೇಳಲೇಬೇಕು. ಡಾರ್ಟ್ ಎಲ್ಲಿ ಬೀಳುತ್ತದೆ ಎಂದು ಊಹಿಸುವುದರ ಬದಲು ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಬೋರ್ಡಿನ ಕೆಳಗೆ ನೆಲಕ್ಕೆ ಹಾಸಿದೆ. ಬಿದ್ದ ಪ್ರತಿ ಡಾರ್ಟೂ ರಟ್ಟಿನಲ್ಲಿ ಒಂದು ತೂತು ಮಾಡುತ್ತದೆ. ಒಂದು ತಿಂಗಳಾದ ಮೇಲೆ ಎತ್ತಿ ಕಿಟಕಿಗೆ ಹಿಡಿದರೆ ಬೆಳಕು ತೂರಿ ನಕ್ಷತ್ರದಂತೆ ಕಂಡಿತು. ಇನ್ನೂರರ ಆಸುಪಾಸು ತೂತು. ಬಹುಪಾಲು ಗೋಡೆಯಿಂದ ಎರಡು ಅಡಿಯೊಳಗೆ, ಬಲಕ್ಕಿಂತ ಎಡಕ್ಕೆ, ಅಂದರೆ ಬೋರ್ಡಿನ ಮೇಲಿನ 5ರ ಅಂಕಿಯ ಕಡೆಗೆ, ಸ್ವಲ್ಪ ಹೆಚ್ಚು. ಅದೇ ರಟ್ಟನ್ನು ಮೇಜಿನ ಮೇಲಿಟ್ಟು ಎತ್ತರಿಸಿದಾಗ ತೂತುಗಳು ಗೋಡೆಗೆ ಇನ್ನೂ ಹತ್ತಿರ ಬಂದವು. ಕಡಿಮೆ ಬಿದ್ದರೆ ಕಡಿಮೆ ದೂರ ಹೋಗುತ್ತದೆ, ಅಷ್ಟೇ. ಗುರಿಯ ನಡು ನೆಲದಿಂದ 173 ಸೆಂಟಿಮೀಟರಿನಲ್ಲಿದ್ದರೆ, ತಟ್ಟೆಯ ಹೊರ ಅಂಚು 130ರ ಸುಮಾರಿಗೆ ಬಂದಾಗ ಒಂದೂಕಾಲು ಅಡಿ ಚಾಚಿದರೆ ಸಾಕಾಯಿತು. ಇದಕ್ಕಿಂತ ಮೇಲೆ ತಂದರೆ ತಗ್ಗಿ ಬಂದ ಎಸೆತಕ್ಕೆ ಅಡ್ಡ ಬರುತ್ತದೆ.

ಮೊರದ ಯೋಚನೆ ಬಂದದ್ದು ಗೌರಿ ಹಬ್ಬದ ಮಾರನೆಯ ದಿನ. ಬಾಗಿನದ ಮೊರಗಳನ್ನು ಅಮ್ಮ ಅಟ್ಟಕ್ಕೆ ಹಾಕಲು ಕೊಟ್ಟರು. ಏಣಿಯ ಮೇಲೆ ನಿಂತು ಒಂದನ್ನು ಕೈಯಲ್ಲಿ ಹಿಡಿದು ಅದುಮಿದೆ. ಬಿದಿರಿನ ಹೆಣಿಗೆ ಬಾಗಿತು, ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಬಂತು. ಮೂರು ಕಡೆ ಅಂಚು ಎದ್ದಿದೆ, ಒಂದು ಕಡೆ ಬಾಯಿ ಅಗಲವಾಗಿ ತೆರೆದಿದೆ. ಬಾಯನ್ನು ಗೋಡೆಗೆ ತಿರುಗಿಸಿ ಹಿಂಬದಿಯನ್ನು ಎತ್ತಿ ಕಟ್ಟಿದರೆ ಬಿದ್ದದ್ದೆಲ್ಲ ಗೋಡೆಯ ಕಡೆಗೆ ಜಾರಬೇಕು. ಅಲ್ಲೇ ಒಂದು ಡಾರ್ಟ್ ತಂದು ಬೀಳಿಸಿ ನೋಡಿದೆ. ಪುಟಿಯಲಿಲ್ಲ!

ಭಾನುವಾರದ ಆಟದ ಗುಂಪಿನಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. “ಮೊರ ಇರುವುದು ಅಕ್ಕಿ ಕೇರುವುದಕ್ಕೆ, ಉಕ್ಕಿನ ಮೊನೆ ಒಂದು ವಾರದಲ್ಲಿ ಸೀಳಿಹಾಕುತ್ತದೆ” ಎಂದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಬಾಗಿನದ ಮೊರ ತೀರಾ ತೆಳು, ಅಗಲವೂ ಸಾಲದು. ಬಂಬೂ ಬಜಾರಿಗೆ ಹೋಗಿ ಮೇದರ ಹೆಂಗಸೊಬ್ಬರ ಹತ್ತಿರ ಎರಡೂವರೆ ಅಡಿ ಬಾಯಿಯ ಮೊರ ಹೆಣೆದುಕೊಡಿ ಎಂದು ಕೇಳಿದೆ. “ಇಷ್ಟು ದೊಡ್ಡ ಮೊರದಲ್ಲಿ ಯಾರು ಸ್ವಾಮಿ ಕೇರುತ್ತಾರೆ? ಕೈ ಸೋಲುತ್ತದೆ” ಎಂದು ಅವರು ಅನುಮಾನಿಸಿದರು. ಗೋಡೆಗೆ ಹಾಕುವುದಕ್ಕೆ ಎಂದು ಹೇಳಿ, ಚೀಟಿಯಲ್ಲಿ ಚಿತ್ರ ಬರೆದು ತೋರಿಸಿದೆ. ಸೀಳು ದಪ್ಪವಾಗಿರಲಿ, ಹೆಣಿಗೆ ಒತ್ತಾಗಿರಲಿ ಎಂದೆ. ಒಂದಕ್ಕೆ ನಾನೂರೈವತ್ತು ತೆಗೆದುಕೊಂಡರು. ಒಂದು ರೂಪಾಯಿಯೂ ಹೆಚ್ಚೆನಿಸಲಿಲ್ಲ, ಅಂಚಿನ ಕಟ್ಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಆದರೂ ಮೊದಲ ಮೊರ ಸೋತಿತು. ಹೆಣಿಗೆಯ ಸಂದಿನಲ್ಲಿ ಮೊನೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಪರಿಹಾರ ಮನೆಯಲ್ಲೇ ಇತ್ತು. ಹೊಸ ಮೊರಕ್ಕೆ ನಮ್ಮಜ್ಜಿ ಮೆಂತ್ಯ ಮತ್ತು ಹಳೆಯ ಕಾಗದ ನೆನೆಸಿ ರುಬ್ಬಿ ಬಳಿಯುತ್ತಿದ್ದರು, ಸಣ್ಣ ಕಾಳು ಸೋರದಂತೆ. ಅದೇ ಹದವನ್ನು ಎರಡನೆಯ ಮೊರಕ್ಕೆ ಮೂರು ಸಲ ಬಳಿದೆ, ಪ್ರತಿ ಸಲವೂ ನೆರಳಿನಲ್ಲಿ ಎರಡು ದಿನ ಒಣಗಿಸಿದೆ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ರುಬ್ಬಿದ್ದಕ್ಕೆ ಇನ್ನೂ ಒಂದು ವಸ್ತು ಬೆರೆಸಿದ್ದೇನೆ. ಮೊನೆ ಇಳಿಯದೆ ಜಾರುವುದು ಅದರಿಂದಲೇ. ಅದನ್ನು ಕಂಡುಕೊಳ್ಳಲು ನನಗೆ ಐದು ತಿಂಗಳು ಬೇಕಾಯಿತು, ಸದ್ಯಕ್ಕೆ ನನ್ನಲ್ಲೇ ಇರಲಿ.

ಇಳಿಜಾರು ಕಡಿಮೆಯಾದರೆ ಫ್ಲೈಟ್ ತಡೆದು ಡಾರ್ಟ್ ಅರ್ಧಕ್ಕೇ ನಿಲ್ಲುತ್ತದೆ. ನನ್ನದು ಮೂವತ್ತು ಡಿಗ್ರಿಗೆ ತುಸು ಹೆಚ್ಚಿದೆ. ಬಾಯಿಯ ಕೆಳಗೆ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಾಲುವೆಯಂತೆ ಕೂರಿಸಿ, ಒಳಗೆ ಹಳೆಯ ಕಂಬಳಿಯ ತುಂಡು ಹಾಸಿದ್ದೇನೆ. ಎಲ್ಲ ಡಾರ್ಟೂ ತಾನಾಗಿ ಒಂದು ತುದಿಗೆ ಹರಿದು ಡಬ್ಬಿ ಸೇರಲಿ ಎಂದು ಕಾಲುವೆಯನ್ನು ಓರೆ ಮಾಡಿದ್ದೆ. ಮೇಣವನ್ನೂ ತಿಕ್ಕಿದೆ. ಫ್ಲೈಟ್‌ಗಳು ಒಂದಕ್ಕೊಂದು ಸಿಕ್ಕಿ ನಡುವೆಯೇ ಗುಡ್ಡೆಯಾದವು. ಆ ಆಸೆ ಬಿಟ್ಟು ಕಾಲುವೆಯನ್ನು ಸಮ ಮಾಡಿದೆ. ಬೋರ್ಡಿನಿಂದ ಕಿತ್ತುಕೊಳ್ಳಲು ಹೇಗೂ ಅಲ್ಲಿಗೇ ನಡೆಯುತ್ತೇವೆ, ಕೈ ಹಾಕಿದರೆ ಸಿಗುತ್ತದೆ.

ಡಾರ್ಟ್ ಇಡುವ ಪಟ್ಟಿಯದು ಇನ್ನೊಂದು ಕಥೆ. ಮೊದಲು ಅಯಸ್ಕಾಂತ ಹಾಕಿದೆ, ಇನ್ನೂರೈವತ್ತು ರೂಪಾಯಿಯದು. ಮೊನೆ ಉಕ್ಕು, ಚೆನ್ನಾಗಿಯೇ ಹಿಡಿಯಿತು. ಎರಡು ವಾರದಲ್ಲಿ ಮೊನೆಗಳೇ ಅಯಸ್ಕಾಂತವಾದವು. ಕೈಯಲ್ಲಿ ಮೂರು ಡಾರ್ಟ್ ಹಿಡಿದರೆ ಮೂರೂ ಮೊನೆ ಕೂಡಿಸಿ ಅಂಟಿಕೊಳ್ಳುತ್ತಿದ್ದವು. ಕಿತ್ತು ಬಿಸಾಡಿದೆ. ಈಗಿರುವುದು ಹಳೆಯ ಬಾಗಿಲಿನ ಚೌಕಟ್ಟಿನಿಂದ ಕೊಯ್ಸಿದ ತೇಗದ ಪಟ್ಟಿ. ಮೂರು ಮಿಲಿಮೀಟರಿನ ಹನ್ನೆರಡು ತೂತು, ಒಂದರಿಂದ ಒಂದಕ್ಕೆ ಐದು ಸೆಂಟಿಮೀಟರ್. ಇದಕ್ಕಿಂತ ಹತ್ತಿರ ಕೊರೆದರೆ ಫ್ಲೈಟ್ ಉಜ್ಜಿ ಅಂಚು ಮಡಚುತ್ತದೆ. ತೂತುಗಳನ್ನು ಕೊಂಚ ಓರೆಯಾಗಿ ಕೊರೆದಿದ್ದೇನೆ, ಎಷ್ಟು ಎಂದು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಪುಟಿಯುವುದನ್ನೇ ಕಡಿಮೆ ಮಾಡಲು ಮೊನೆಗಳನ್ನು ಸಾಣೆಕಲ್ಲಿನ ಮೇಲೆ ತಿರುಗಿಸಿ ತುಸು ತರಿಯಾಗಿಸಿದ್ದೂ ಫಲ ಕೊಟ್ಟಿತು, ಮೂರರಲ್ಲಿ ಒಂದು ಭಾಗವಾದರೂ ತಗ್ಗಿರಬೇಕು. ಬೋರ್ಡಿಗೆ ನೀರು ಚಿಮುಕಿಸಿ ಎಂದು ಒಬ್ಬರು ಹೇಳಿದ್ದನ್ನು ಮಾತ್ರ ಕೇಳಬಾರದಿತ್ತು. ಹಿಂದಿನ ಕಾಲದ ಎಲ್ಮ್ ಮರದ ಬೋರ್ಡುಗಳನ್ನು ನೆನೆಸಬೇಕಿತ್ತು. ನಮ್ಮದು ಕತ್ತಾಳೆ ನಾರಿನದು, ನೀರು ಬಿದ್ದರೆ ಉಬ್ಬುತ್ತದೆ. ನಾಲ್ಕು ಸಾವಿರದ ಬೋರ್ಡ್ ನಡುವೆ ಹೊಟ್ಟೆ ಬಂದು ಹಾಳಾಯಿತು.

ಸೋತ ಪ್ರಯತ್ನಗಳಿಗೆ ಆ ಬೋರ್ಡ್ ಬಿಟ್ಟು ಐದು ಸಾವಿರವಾದರೂ ಹೋಗಿದೆ. ಈಗ ಗೋಡೆಯ ಮೇಲಿರುವುದಕ್ಕೆ ಮೊರ, ಪೈಪು, ಎರಡು ಬ್ರಾಕೆಟ್, ತಿರುಪು ಎಲ್ಲ ಸೇರಿ ಒಂಬೈನೂರರ ಒಳಗೆ. ಹೊರಮೈಗೆ ಮಾತ್ರ ಉಳಿದಿದ್ದ ಫೋಮ್ ಅಂಟಿಸಿದ್ದೇನೆ, ತಗ್ಗಿ ಬಂದ ಎಸೆತ ಬಿದಿರನ್ನು ಸೀಳದಿರಲಿ ಎಂದು. ಒಳಗಿನ ಲೇಪನವನ್ನು ಮೂರು ತಿಂಗಳಿಗೊಮ್ಮೆ ತೆಳುವಾಗಿ ಬಳಿಯಬೇಕು. ಮಳೆಗಾಲದಲ್ಲಿ ನಾಲ್ಕು ದಿನ ಮೆಂತ್ಯದ ವಾಸನೆ ಇರುತ್ತದೆ, ನನಗೆ ಅದು ಇಷ್ಟ.

ಹದಿನಾಲ್ಕು ತಿಂಗಳಾಯಿತು, ಅದೇ ಮೊರ. ಕೊನೆಗೆ ಉಳಿದಿದ್ದ ತೊಂದರೆ ಕಾಲುವೆಗೂ ಗೋಡೆಗೂ ನಡುವಿನ ಬೆರಳಗಲದ ಸಂದು. ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಹೊಡೆದ ಮೇಲೆ ಅದೂ ಮುಚ್ಚಿತು. ಕಳೆದ ಭಾನುವಾರ ಆರು ಜನ ಮೂರು ಗಂಟೆ ಆಡಿದೆವು, ನೆಲಕ್ಕೆ ಬಿದ್ದದ್ದು ಎರಡೇ. ಒಂದು ವಾರದಲ್ಲಿ ಸೀಳುತ್ತದೆ ಎಂದಿದ್ದವರು ಹೊರಡುವ ಮುನ್ನ ಅಳತೆ ಪಟ್ಟಿ ಕೇಳಿದರು. ಅಗಲ, ಎತ್ತರ, ಚಾಚು ಎಲ್ಲ ಬರೆಸಿದೆ, ಬಂಬೂ ಬಜಾರಿನಲ್ಲಿ ಯಾರನ್ನು ಕೇಳಬೇಕು ಎಂದೂ ಹೇಳಿ ಕಳಿಸಿದೆ.