ಸುಟ್ಟ ಕಾರ್ಪೆಟ್ಟಿನಲ್ಲಿ ಪೆಟ್ರೋಲ್ ಹುಡುಕುವ ಕೆಲಸ

ಬೆಂಕಿ ಅವಘಡದ ಜಾಗದಿಂದ ನಮ್ಮ ಪ್ರಯೋಗಾಲಯಕ್ಕೆ ಬರುವುದು ಒಂದಿಷ್ಟು ಕರಕಲು: ಕಾರ್ಪೆಟ್, ಮರದ ಚೂರು, ಹಾಸಿಗೆಯ ಫೋಮ್. ಜೊತೆಗೆ ಬೆಂಕಿ ಆರಿಸಿದ ನೀರು. ನಾನು ಮೊದಲು ನೋಡುವುದು ಅದನ್ನು ಯಾವುದರಲ್ಲಿ ಕಟ್ಟಿದ್ದಾರೆ ಎಂಬುದನ್ನು. ಬಿಗಿ ಮುಚ್ಚಳದ ತಗಡಿನ ಡಬ್ಬಿಯಾದರೆ ನೆಮ್ಮದಿ. ಸಾದಾ ಪಾಲಿಥೀನ್ ಚೀಲವಾದರೆ ಪೆಟ್ರೋಲಿನ ಆವಿ ಅದನ್ನು ದಾಟಿ ಹೊರಗೆ ಹೋಗುತ್ತದೆ, ಪಕ್ಕದ ಚೀಲದ ಆವಿ ಒಳಕ್ಕೂ ಬರುತ್ತದೆ. ಮಣ್ಣಿದ್ದರೆ ತಕ್ಷಣ ಫ್ರೀಜರಿಗೆ ಹಾಕುತ್ತೇನೆ. ಇಲ್ಲದಿದ್ದರೆ ಅದರಲ್ಲಿನ ಬ್ಯಾಕ್ಟೀರಿಯಾ ಸಾಕ್ಷ್ಯವನ್ನೇ ತಿಂದುಬಿಡುತ್ತವೆ.

ಡಬ್ಬಿಯೊಳಗೆ ಸಕ್ರಿಯ ಇದ್ದಿಲಿನ ಸಣ್ಣ ಪಟ್ಟಿಯೊಂದನ್ನು ತೂಗುಬಿಟ್ಟು, ಸುಮಾರು 70 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ರಾತ್ರಿಯಿಡೀ ಇಡುತ್ತೇನೆ. ಎದ್ದ ಆವಿಯನ್ನು ಇದ್ದಿಲು ಹೀರಿಕೊಳ್ಳುತ್ತದೆ. ಮರುದಿನ ಪಟ್ಟಿಯನ್ನು, ಅದು ಹೀರಿದ್ದನ್ನು ಕರಗಿಸಿ ಹೊರತೆಗೆಯುವ ದ್ರಾವಕವಾದ ಕಾರ್ಬನ್ ಡೈಸಲ್ಫೈಡ್‌ನಲ್ಲಿ ನೆನೆಸಿ, ಆ ದ್ರವವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್–ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುತ್ತೇನೆ. ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ, ಗ್ರಾಫಿನಲ್ಲಿ ಶಿಖರಗಳಾಗಿ ತೋರಿಸುವ ಯಂತ್ರವದು. ಕಾರ್ಬನ್ ಡೈಸಲ್ಫೈಡ್ ವಿಷಕಾರಿ, ಕಿಡಿಯಿಲ್ಲದೆ ಬರೀ ಬಿಸಿಗೇ ಹೊತ್ತಿಕೊಳ್ಳಬಲ್ಲದು. ಆವಿಯನ್ನು ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನ ಆಚೆ ಅದನ್ನು ತೆರೆಯುವುದೇ ಇಲ್ಲ. ಪ್ರತಿ ಸರದಿಯಲ್ಲೂ ಒಂದು ಖಾಲಿ ಡಬ್ಬಿ ಇದೇ ಹಾದಿಯಲ್ಲಿ ಸಾಗಬೇಕು. ಅದರಲ್ಲಿ ಏನಾದರೂ ಕಂಡರೆ ಆ ಸರದಿಯ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಇಲ್ಲಿವರೆಗಿನದು ಕೈಕೆಲಸ. ನಿಜವಾದ ಕಷ್ಟ ಗ್ರಾಫ್ ಓದುವುದರಲ್ಲಿದೆ. ಪೆಟ್ರೋಲಿನಲ್ಲಿರುವ ಟಾಲ್ವೀನ್, ಜೈಲೀನ್ ಕಂಡ ಮಾತ್ರಕ್ಕೆ ಪೆಟ್ರೋಲ್ ಎನ್ನಲಾಗದು, ಸುಡುವ ಪ್ಲಾಸ್ಟಿಕ್ಕೂ ಅವನ್ನು ಕೊಡುತ್ತದೆ. ನಾನು ಹುಡುಕುವುದು ಗುಂಪನ್ನು. ಯಂತ್ರದಲ್ಲಿ ಅಣುಗಳು ಒಡೆದು ಆಗುವ ವಿದ್ಯುದಾವೇಶದ ಚೂರುಗಳಲ್ಲಿ (ಅಯಾನುಗಳಲ್ಲಿ) ದ್ರವ್ಯರಾಶಿ 105ರದನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಪೆಟ್ರೋಲಿನ ಈಥೈಲ್‌ಟಾಲ್ವೀನ್‌ಗಳು, ಟ್ರೈಮಿಥೈಲ್‌ಬೆಂಜೀನ್‌ಗಳು ಒಟ್ಟಾಗಿ ಐದು ಶಿಖರಗಳಾಗಿ ನಿಲ್ಲುತ್ತವೆ. ಪೆಟ್ರೋಲ್ ಎಷ್ಟೇ ಆವಿಯಾಗಿ ಹಗುರ ಭಾಗ ಕಳೆದುಕೊಂಡಿರಲಿ, ಕುದಿಬಿಂದು ಹತ್ತಿರ ಹತ್ತಿರವಿರುವ ಈ ನೆರೆಹೊರೆಯವರ ಅನುಪಾತ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಆಮೇಲೆ ಪೆಟ್ರೋಲಿನ ಇನ್ನೂ ಭಾರದ ಘಟಕಗಳಾದ ಇಂಡೇನ್‌ಗಳು, ಮಿಥೈಲ್‌ನ್ಯಾಫ್ತಲೀನ್‌ಗಳು ಸಹ ಇರಬೇಕಾದ ಪ್ರಮಾಣದಲ್ಲೇ ಇವೆಯೇ ಎಂದು ನೋಡುತ್ತೇನೆ. ಇವೆಲ್ಲ ಅಸ್ತವ್ಯಸ್ತವಾಗಿದ್ದು ಪ್ಲಾಸ್ಟಿಕ್ ಸುಟ್ಟಾಗ ಬರುವ ಸ್ಟೈರೀನ್ ಮಾತ್ರ ಎತ್ತರಕ್ಕೆ ನಿಂತಿದ್ದರೆ ನನ್ನ ಅನುಮಾನ ಕಾರ್ಪೆಟ್ಟಿನ ಮೇಲೆಯೇ. ಸೀಮೆಎಣ್ಣೆಯಲ್ಲಿ ಕಾರ್ಬನ್ ಸರಪಳಿಯ ಹೈಡ್ರೊಕಾರ್ಬನ್‌ಗಳಾದ ಆಲ್ಕೇನ್‌ಗಳು ಒಂದರ ಹಿಂದೊಂದು ಬರುತ್ತವೆ. ಸುಟ್ಟ ಪಾಲಿಥೀನ್‌ನಲ್ಲೂ ಬರುತ್ತವೆ, ಆದರೆ ಅಲ್ಲಿ ಪ್ರತಿ ಆಲ್ಕೇನ್‌ಗೆ ಅಂಟಿಕೊಂಡು ಅಷ್ಟೇ ಉದ್ದದ, ಕ್ರಮವಾಗಿ ಒಂದು ಮತ್ತು ಎರಡು ಜೋಡಿಬಂಧಗಳಿರುವ ಆಲ್ಕೀನ್, ಡೈಈನ್ ಎರಡೂ ಇರುತ್ತವೆ.

ಅದಕ್ಕೇ ತನಿಖಾಧಿಕಾರಿಗಳನ್ನು ನಾನು ಬಿಡದೆ ಕೇಳುವುದು ಹೋಲಿಕೆ ಮಾದರಿ: ಅದೇ ಕಾರ್ಪೆಟ್, ಆದರೆ ದ್ರವ ತಲುಪಿರಲಾರದ ಮೂಲೆಯಿಂದ ಕತ್ತರಿಸಿದ್ದು. ಅನೇಕರಿಗೆ ಇದು ಸುಮ್ಮನೆ ಹೆಚ್ಚುವರಿ ಕೆಲಸವೆನಿಸುತ್ತದೆ. ಆ ತುಂಡಿಲ್ಲದೆ ಎಷ್ಟೋ ಗ್ರಾಫ್‌ಗಳ ಮುಂದೆ ನಾನು ಮೌನವಾಗಿರಬೇಕಾಗುತ್ತದೆ. ಪೈನ್ ಮರದ ನೆಲದಲ್ಲಿ, ಟರ್ಪೆಂಟೈನ್ ಎಣ್ಣೆಯ ಮುಖ್ಯ ಘಟಕಗಳಾದ ಟರ್ಪೀನ್‌ಗಳು ಸಹಜವಾಗಿಯೇ ಇರುತ್ತವೆ. ಟರ್ಪೆಂಟೈನ್ ಸುರಿದಿದ್ದಾರೆ ಎಂದು ಅಷ್ಟರಿಂದಲೇ ಬರೆದರೆ ಯಾರದೋ ಬದುಕು ಹಾಳಾಗಬಹುದು.

ವರದಿಯಲ್ಲಿ ‘ಪತ್ತೆಯಾಗಿದೆ’ ಎಂದು ಬರೆದರೂ ಬೆಂಕಿ ಹಚ್ಚಿದ್ದಾರೆ ಎನ್ನುವುದಿಲ್ಲ. ಆ ಕೋಣೆಯಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟಿದ್ದಿರಬಹುದು. ‘ಪತ್ತೆಯಾಗಿಲ್ಲ’ ಎಂದರೆ ಸುರಿದಿಲ್ಲ ಎಂದೂ ಅಲ್ಲ, ಪೂರ್ತಿ ಉರಿದುಹೋಗಿರಬಹುದು. ಈ ಎರಡು ವಾಕ್ಯಗಳನ್ನೂ ವರದಿಯಲ್ಲೇ, ಫಲಿತಾಂಶದ ಕೆಳಗೇ ಬರೆಯುತ್ತೇನೆ.